ನಡುವೆ ಒಂದು ‘ತಾ’

ರಾತ್ರಿ ಎರಡು ಗಂಟೆಯ ಮೇಲಾಗಿರಬೇಕು, ಹಿತ್ತಲಿನಲ್ಲಿ ನೀರು ಬೀಳುವ ಸಣ್ಣ ಸದ್ದಿಗೆ ದಿವ್ಯಶ್ರೀಗೆ ಎಚ್ಚರವಾಯಿತು. ಮೊದಲು ನಲ್ಲಿ ಗಾಳಿ ಉಗುಳಿತು. ಆಮೇಲೆ ಎಳೆ ಧಾರೆ ಸಿಮೆಂಟಿನ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ನೀರು ಬೀಳತೊಡಗಿತು; ಆ ಸದ್ದೇ ಬೇರೆ, ಅದಕ್ಕೊಂದು ಆಳವಿರುತ್ತದೆ. ತಮ್ಮ ಚೌಡೇಶ ತೊಟ್ಟಿ ತುಂಬಿಸುತ್ತಿದ್ದಾನೆ. ನಾಳೆ ಅವನ ಮಗಳ ಜವಳ, ಐವತ್ತು ಜನರ ಊಟ, ಅವರ ಬೀದಿಗೆ ನಲ್ಲಿ ನೀರು ಬಂದದ್ದು ಒಂಬತ್ತು ದಿನಕ್ಕೆ. ಸಂಜೆ ಚಳ್ಳಕೆರೆಯಿಂದ ಬಸ್ಸಿಳಿದು ಮನೆಗೆ ಬಂದಾಗಲೇ ತೊಟ್ಟಿಯ ಮೇಲಿದ್ದ ಕಡಪ ಕಲ್ಲು ಗೋಡೆಗೆ ಒರಗಿದ್ದನ್ನು ಅವಳು ನೋಡಿದ್ದಳು. ಇಪ್ಪತ್ತೊಂಬತ್ತು ವರ್ಷ ಅಲುಗಾಡದ ಕಲ್ಲು. ನೋಡಿಯೂ ನೋಡದವಳಂತೆ ಒಳಗೆ ಬಂದು, ಚೀಲ ಇಟ್ಟು, ಕಾಲು ತೊಳೆದಿದ್ದಳು. ಈಗ ನಡುಮನೆಯ ತುಂಬ ನಂಟರು ಮಲಗಿದ್ದರು, ಮಗಳು ಮೇಘಾ ಅವಳ ಮೈಮೇಲೆ ಕಾಲು ಹಾಕಿಕೊಂಡು ಒರಗಿದ್ದಳು, ಆಚೆ ಮಗ್ಗದ ಕೋಣೆಯ ಹೊಸ್ತಿಲ ಬಳಿ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಮ್ಮ ನಿದ್ದೆ ಮಾಡುತ್ತಿಲ್ಲ ಎಂಬುದು ಉಸಿರಿನಿಂದಲೇ ತಿಳಿಯುತ್ತಿತ್ತು. ಇಬ್ಬರೂ ಆ ನೀರನ್ನು ಕೇಳಿಸಿಕೊಂಡರು.

ಬಣ್ಣಕ್ಕೆ ಅದ್ದಿದ ರೇಷ್ಮೆ ನೂಲನ್ನು ಜಾಲಿಸಲಿಕ್ಕೆಂದು ತಾತ ಕಟ್ಟಿಸಿದ ತೊಟ್ಟಿ ಅದು. ದಿವ್ಯಶ್ರೀಗೆ ಎಂಟು ವರ್ಷವಿದ್ದಾಗ, ಅವಳ ಬೆನ್ನಿಗೆ ಹುಟ್ಟಿದ ಹೆಣ್ಣು ಕೂಸು, ಹೆಜ್ಜೆ ಹಾಕಲು ಕಲಿತು ಇನ್ನೂ ತಿಂಗಳಾಗಿರಲಿಲ್ಲ, ಅದರಲ್ಲಿ ಬಿದ್ದು ತೀರಿಕೊಂಡಿತು. ಚೌಡಮ್ಮ ಎಂದು ಹೆಸರಿಟ್ಟಿದ್ದರೂ ಮನೆಯಲ್ಲಿ ಎಲ್ಲರೂ ಪಾಪ ಎಂದೇ ಕರೆಯುತ್ತಿದ್ದರು. ಅವರದು ತೆಲುಗು ಮಾತಿನ ಮನೆ. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣು ಮಗು. ಶಾಲೆಯಲ್ಲಿ ಕನ್ನಡದ ಮೇಷ್ಟ್ರು ‘ಪಾಪ ಮಾಡಿದವರಿಗೆ ನರಕ’ ಎಂದು ಬರೆಸಿದ ದಿನ ಅವಳು ಸ್ಲೇಟು ಕೆಳಗಿಟ್ಟು ಹೊರಗೆ ಹೋಗಿ ವಾಂತಿ ಮಾಡಿಕೊಂಡಿದ್ದಳು. ಮಣ್ಣು ಮಾಡಿ ಬಂದ ಸಂಜೆ, ಬಾಗಿಲಲ್ಲಿ ನಿಂತ ಹೆಂಗಸರಿಗೆ ಅಮ್ಮ ಹೇಳಿದ್ದು ಇಷ್ಟು: ನಾನು ಮಗ್ಗದ ಮೇಲಿದ್ದೆ. ‘ಪಾಪ ಯಾಡ?’ ಅಂತ, ಎಲ್ಲಿ ಅಂತ, ದೊಡ್ಡವಳನ್ನ ಕೇಳಿದೆ. ‘ಆಡ್ತಾ ಉಂದಿ’ ಅಂದಳು. ಆಡುತ್ತಿದೆ ಅಂದಳು. ಸರಿ ಅಂತ ನೇಯ್ತಾ ಕೂತೆ. ದಿವ್ಯಶ್ರೀಗೆ ನೆನಪಿದ್ದದ್ದು ಬೇರೆ. ತಾನು ಅಂದದ್ದು ‘ಆಡ ಉಂದಿ’. ಅಲ್ಲಿದೆ ಎಂದು. ಅಂದು ಹಿತ್ತಲ ಕಡೆ ಕೈ ತೋರಿಸಿದ್ದೆ, ಅಮ್ಮ ಕತ್ತು ತಿರುಗಿಸಲಿಲ್ಲ, ಕೈಯನ್ನು ನೋಡಲಿಲ್ಲ. ಆಡ ಉಂದಿ, ಆಡ್ತಾ ಉಂದಿ. ನಡುವೆ ಒಂದು ‘ತಾ’. ಆ ಅಕ್ಷರವನ್ನು ಅಂದಿದ್ದೆನೋ ಇಲ್ಲವೋ ಎಂದು ಅವಳು ಬಚ್ಚಲಲ್ಲಿ, ಬಸ್ಸಿನಲ್ಲಿ, ಹೆರಿಗೆಯ ನೋವಿನ ನಡುವೆ, ತುಟಿ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದ್ದಾಳೆ. ಕೆಲವು ದಿನ ಅದು ಇರುತ್ತದೆ, ಕೆಲವು ದಿನ ಇರುವುದಿಲ್ಲ. ಈಗ ಚಳ್ಳಕೆರೆಯ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುತ್ತಾಳೆ. ಗಂಡನಿಗೆ ‘ಹಾಲು ತನ್ನಿ’ ಎಂದು ಮೆಸೇಜು ಕಳಿಸುವಾಗಲೂ ಎರಡು ಸಲ ಓದಿಕೊಳ್ಳುತ್ತಾಳೆ. ಅಮ್ಮನನ್ನು ಮಾತ್ರ ಒಮ್ಮೆಯೂ ಕೇಳಿಲ್ಲ. ಅವತ್ತು ನಾನು ಏನಂದೆ ಎಂದು ಕೇಳಲೇಬೇಕು, ಅಮ್ಮನಿಗೆ ಕಿವಿಯೂ ನೆನಪೂ ಇರುವಾಗಲೇ ಕೇಳಿಬಿಡಬೇಕು ಎಂದುಕೊಂಡೇ ಈ ಸಲ ಹೊರಟು ಬಂದದ್ದು.

ಬೆಳಿಗ್ಗೆ ಎದ್ದವಳು ನೇರ ಹಿತ್ತಲಿಗೆ ಹೋದಳು. ತೊಟ್ಟಿ ಕಂಠದವರೆಗೆ ತುಂಬಿತ್ತು, ಮೇಲೆ ಒಂದು ಬೇವಿನ ಎಲೆ ತೇಲುತ್ತಿತ್ತು. ಚೌಡೇಶ ಸೌದೆ ಎತ್ತಿ ಹಾಕುತ್ತಿದ್ದ. ಆ ಕೂಸು ಹೋದ ಎರಡನೆಯ ವರ್ಷ ಹುಟ್ಟಿದವನು, ಅದರ ಹೆಸರನ್ನೇ ಗಂಡು ಮಾಡಿ ಇವನಿಗಿಟ್ಟದ್ದು. ಇವನಿಗೆ ಅದೆಲ್ಲ ಬರಿಯ ಕೇಳಿದ ಕಥೆ. “ಲೇ ಚೌಡೇಶ, ಈ ನೀರು ಡ್ರಮ್ಮಿಗೆ ತುಂಬಿ ಇದನ್ನ ಖಾಲಿ ಮಾಡೋಕಾಗಲ್ವೇನೋ?” ಎಂದಳು, ಧ್ವನಿಯನ್ನು ಆದಷ್ಟು ಹಗುರ ಮಾಡಿಕೊಂಡು. ಅವನು ನಕ್ಕ. “ಅಕ್ಕಾ, ಡ್ರಮ್ಮು ಎಲ್ಲೈತೆ? ಒಂಬತ್ತು ದಿನಕ್ಕೆ ಬಂದಿರೋ ನೀರು. ನಿನ್ನ ಮಾತು ಕೇಳಿ ಚೆಲ್ಲಿದರೆ ಅಡಿಗೆಯೋರು ನನ್ನನ್ನೇ ಬೇಯಿಸ್ತಾರೆ.” ಒಲೆಯ ಬಳಿ ಕೂತಿದ್ದ ರೇಣುಕಮ್ಮತ್ತೆ, ತೀರಿಹೋದ ಅಪ್ಪನ ಅಕ್ಕ, ಎಲೆ ಅಡಿಕೆ ಅಗಿಯುತ್ತ ಇತ್ತ ನೋಡಿದಳು. “ಏನಂತೆ ಟೀಚರಮ್ಮಂದು? ಬಾಯಿಬಿಟ್ಟು ಜೋರಾಗಿ ಹೇಳವ್ವ, ನಿನ್ನ ಮಾತು ಕೇಳೋಕೆ ಟಿಕೆಟ್ಟು ತಗೋಬೇಕೇನು?” ಹೆಂಗಸರು ನಕ್ಕರು. ದಿವ್ಯಶ್ರೀಯೂ ನಕ್ಕಳು. ಒಂದು ಮಂಚದ ಹಲಗೆ ಹುಡುಕಿ ತಂದು ತೊಟ್ಟಿಯ ಮೇಲೆ ಅಡ್ಡ ಇಟ್ಟಳು. ಐದು ನಿಮಿಷಕ್ಕೆ ನೀರು ತುಂಬಿಕೊಳ್ಳಲು ಬಂದವರು ಅದನ್ನು ತೆಗೆದಿಟ್ಟರು. ಮತ್ತೆ ಇಟ್ಟಳು. ಮತ್ತೆ ತೆಗೆದರು.

ಜವಳ ಅಂಗಳದಲ್ಲೇ ನಡೆಯಿತು. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಬೀಳುವ ಕೂದಲನ್ನು ಸೋದರತ್ತೆ ಸೆರಗಿನಲ್ಲಿ ಹಿಡಿಯಬೇಕು, ಒಂದೂ ನೆಲಕ್ಕೆ ಬೀಳಬಾರದು. ಚೌಡೇಶನ ಹೆಂಡತಿ ರಶ್ಮಿತಾಳ ಅಣ್ಣ ಚಂದ್ರಶೇಖರ್ ಹೊಸ ಪಂಚೆ ಉಟ್ಟು ಕೂತ. ಕ್ಷೌರದ ನಾಗರಾಜ ಕತ್ತಿಗೆ ನೀರು ಚಿಮುಕಿಸಿದ. ದಿವ್ಯಶ್ರೀ ಮಂಡಿಯೂರಿ ಸೆರಗು ಹರಡಿದಳು. ಈ ಮಗುವನ್ನೂ ಪಾಪ ಎಂದೇ ಕರೆಯುತ್ತಾರೆ, ಒಂದೂವರೆ ವರ್ಷ, ಕೆನ್ನೆಯ ಕೆಳಗೆ ಮಡಿಕೆ. ಮೊದಲ ಕೂದಲು ಸೆರಗಿಗೆ ಬಿದ್ದಾಗ ಅದಕ್ಕೆ ತೂಕವೇ ಇರಲಿಲ್ಲ. ಆ ಕೂಸಿನ ಕೂದಲು ತೆಗೆಸಿರಲೇ ಇಲ್ಲ. ಶ್ರಾವಣದಲ್ಲಿ ತೆಗೆಸೋಣ ಎಂದಿದ್ದರು. ತೊಟ್ಟಿಯಿಂದ ಎತ್ತಿದಾಗ ಕೂದಲು ಹಣೆಗೆ ಅಂಟಿಕೊಂಡು, ಹಿಂದಿನ ದಿನ ಜಾಲಿಸಿದ ನೂಲಿನ ಗುಲಾಬಿ ಬಣ್ಣ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ... ಮಗು ಕಿರುಚಿ ತಲೆ ಹೊರಳಿಸಿತು, ದಿವ್ಯಶ್ರೀ ಬೆಚ್ಚಿ ಕೈ ಎಳೆದುಕೊಂಡಳು, ಒಂದು ಹಿಡಿ ಕೂದಲು ನೆಲಕ್ಕೆ ಬಿತ್ತು. “ಹೋಯ್ತಲ್ಲ!” ಎಂದಳು ರೇಣುಕಮ್ಮತ್ತೆ. “ಪರವಾಗಿಲ್ಲ ಬಿಡ್ರಿ,” ಎಂದು ರಶ್ಮಿತಾ ಬೇಗ ಬಾಗಿ ಕೂದಲನ್ನು ಆರಿಸಿ ಸೆರಗಿಗೆ ಹಾಕಿದಳು. ಒಳ್ಳೆಯ ಹುಡುಗಿ, ದಾವಣಗೆರೆ ಕಡೆಯ ಕನ್ನಡ ಮನೆಯವಳು. ಅವಳು ಬಂದ ಮೇಲೆ ಈ ಮನೆಯಲ್ಲಿ ಕನ್ನಡವೇ ಹೆಚ್ಚಾಗಿದೆ. ಆದರೂ ಎಲ್ಲ ಮುಗಿದು ದಿವ್ಯಶ್ರೀ ಮಗುವಿಗೆ ಗಂಧ ಹಚ್ಚಲು ಎತ್ತಿಕೊಂಡಾಗ, “ಕೊಡ್ರಿ ಅಕ್ಕ, ನಿಮ್ಮ ಸೀರೆಗೆ ಆಗುತ್ತೆ,” ಎಂದು ನಗುತ್ತಲೇ ಇಸಿದುಕೊಂಡಳು. ಸೀರೆಯ ವಿಚಾರವೇ ಇರಬಹುದು. ಅಲ್ಲದೆಯೂ ಇರಬಹುದು. ಹಳೆಯದನ್ನು ಅವಳಿಗೆ ಯಾರಾದರೂ ಹೇಳದೆ ಇರುತ್ತಾರೆಯೇ?

ಹನ್ನೊಂದರಿಂದ ಹನ್ನೆರಡೂವರೆಯ ತನಕ ದಿವ್ಯಶ್ರೀ ತೊಟ್ಟಿಯ ಹತ್ತಿರವೇ ಇದ್ದಳು. ತೊಳೆದ ಲೋಟಗಳನ್ನು ಮತ್ತೆ ತೊಳೆದಳು. ಕೊತ್ತಂಬರಿ ಬಿಡಿಸುವ ನೆಪದಲ್ಲಿ ಹಲಗೆಯ ಮೇಲೇ ಕೂತಳು. ಒಳಗೆ ಮೊದಲ ಪಂಕ್ತಿಗೆ ಎಲೆ ಹಾಕಿದಾಗ ಬಡಿಸಲು ಕೈ ಸಾಲದೆ ಅಮ್ಮ ಎರ್ರಮ್ಮ ಬಾಗಿಲಿಗೆ ಬಂದು, ಅವಳನ್ನು ನೋಡುತ್ತ ನಿಂತಳು. ದಿವ್ಯಶ್ರೀಯೇ ಎದ್ದಳು. ಹೋಳಿಗೆಯ ಬುಟ್ಟಿ ಹಿಡಿದು ಸಾಲಿನ ಉದ್ದ ನಡೆದಳು, ತುಪ್ಪ ಹಾಕಿದಳು, ಬೇಡ ಎಂದವರಿಗೂ ಹಾಕಿದಳು. ನಡುಮನೆಯ ಮೂಲೆಯಲ್ಲಿ ಮೇಘಾ ಮೊಬೈಲಿನಲ್ಲಿ ಏನೋ ನೋಡುತ್ತ ಕೂತಿದ್ದಳು. ಅವಳ ಪಕ್ಕದಲ್ಲೇ, ಅಂಗಳದ ಬಾಗಿಲಲ್ಲಿ, ರಶ್ಮಿತಾ ತವರಿನವರ ಜೊತೆ ಫೋಟೊಕ್ಕೆ ನಿಂತಿದ್ದಳು. ಅಣ್ಣನ ಹೆಗಲ ಮೇಲಿನ ಟವೆಲ್ಲು ಸರಿ ಮಾಡಿದಳು, ಒಂದು ಸಲ, ಎರಡು ಸಲ, ಕಣ್ಣು ಮುಚ್ಚಿದಿರಿ ಎಂದು ಫೋಟೊ ತೆಗೆಯುವವನು ಅಂದಾಗ ಮೂರನೆಯ ಸಲ. ಅಮ್ಮ ಸಾರಿನ ಬಕೆಟ್ಟು ಹಿಡಿದು ಅಲ್ಲೇ ಇದ್ದಳು. ದಿವ್ಯಶ್ರೀ ಇದನ್ನೆಲ್ಲ ನೋಡುತ್ತಿದ್ದಳು, ನೋಡುವುದೇ ಅವಳ ಕೆಲಸವಾಗಿ ಎಷ್ಟೋ ವರ್ಷವಾಗಿತ್ತು. ಆಮೇಲೆ ಯಾರೋ ಅಂದರು. ರೇಣುಕಮ್ಮತ್ತೆಯೇ ಇರಬೇಕು, ಅಷ್ಟು ಅಭ್ಯಾಸವಾದ ತೆಲುಗಿನಲ್ಲಿ, ಊಟದ ನಡುವೆ, ಸುಮ್ಮನೆ:

“ಪಾಪ ಯಾಡ?”

ಬುಟ್ಟಿ ಯಾರ ಎಲೆಯ ಮೇಲೆ ಬಿತ್ತೋ ಅವಳಿಗೆ ಗೊತ್ತಿಲ್ಲ. ಹಿತ್ತಲಿಗೆ ಬಂದಾಗ ಹಲಗೆ ಇರಲಿಲ್ಲ. ನೀರು ತಿಳಿಯಾಗಿತ್ತು, ತಳದ ಸಿಮೆಂಟಿನ ಬಿರುಕೂ ಕಾಣುತ್ತಿತ್ತು. ಕಾಣುತ್ತಿದ್ದರೂ ಅವಳು ಮೊಣಕಾಲಿಟ್ಟು ತೋಳು ಇಳಿಸಿದಳು, ಸಾಲಲಿಲ್ಲ, ಸೀರೆ ಉಟ್ಟಂತೆಯೇ ಒಳಗೆ ಇಳಿದಳು. ನೀರು ತೊಡೆಯವರೆಗೆ ಬಂತು. ಬಾಗಿ ಎರಡೂ ಕೈಗಳಿಂದ ಮೂಲೆಗಳನ್ನು ತಡವಿದಳು, ಕಾಲಿನಿಂದ ತಡವಿದಳು, ಮತ್ತೆ ಕೈಯಿಂದ. ಮುಖ ನೀರಿಗೆ ತಾಗಿತು. ಏನೋ ಕೂಗುತ್ತಿದ್ದಳು, ಏನೆಂದು ಆಮೇಲೆ ಯಾರೂ ಹೇಳಲಿಲ್ಲ. “ಅಕ್ಕಾ! ಅಕ್ಕಾ, ಇಲ್ಲೈತೆ! ಪಾಪ ಇಲ್ಲೈತೆ ಬಾರೇ!” ಚೌಡೇಶನ ಧ್ವನಿ ಒಳಗಿನಿಂದ ಬಂತು. ಮಗ್ಗದ ಕೋಣೆಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿಯೊಳಗೆ, ತಂಪಿಗೆ, ಬೋಳು ತಲೆಯನ್ನು ನೂಲಿನ ಗಂಟಿನ ಮೇಲಿಟ್ಟು ಮಗು ನಿದ್ದೆ ಹೋಗಿತ್ತು. ದಿವ್ಯಶ್ರೀ ತಲೆ ಎತ್ತಿದಳು. ಹಿತ್ತಲ ತುಂಬ ಜನ ನಿಂತಿದ್ದರು, ಕೆಲವರ ಕೈ ಇನ್ನೂ ಎಂಜಲು. “ನೀರೆಲ್ಲ ಹಾಳಾಯ್ತಲ್ಲವ್ವ, ಎರಡನೇ ಪಂಕ್ತಿ ಇನ್ನೂ ಐತೆ,” ಎಂದ ಅಡಿಗೆಯವನು. ಯಾರೋ ಚಿಕ್ಕವಳು ಕಿಸಕ್ಕನೆ ನಕ್ಕಳು.

ತೊಟ್ಟಿಯಿಂದ ಹೊರಗೆ ಬರಲು ಅವಳು ಒಂದು ಕಾಲನ್ನು ಆಚೆ ಹಾಕಿದ್ದಳು, ಅಷ್ಟರಲ್ಲಿ ಒಳಗೆ ರಶ್ಮಿತಾಳ ಧ್ವನಿ ಕೇಳಿತು. ಹೆದರಿಕೆ ಇಳಿಯುವಾಗ ಬರುವ ಸಿಟ್ಟು. “ಈ ಹುಡುಗೀನ ಕೇಳಿದೆ ನಾನು. ಪಾಪ ಎಲ್ಲಮ್ಮಾ ಅಂದ್ರೆ, ಆಡ್ತೈತೆ ಅತ್ತೆ ಅಂದ್ಲು, ಮೊಬೈಲಿಂದ ಕಣ್ಣು ತೆಗೀದೆ. ಆಡ್ತೈತೆ ಅಂದ್ಲಲ್ಲ ಅಂತ ನಾನು ಸುಮ್ಮನಾದೆ.” ಬಾಗಿಲಿನಾಚೆ ಮೇಘಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಒಂಬತ್ತು ವರ್ಷ. ಬಾಯಿ ಸ್ವಲ್ಪ ತೆರೆದಿತ್ತು. ರೇಣುಕಮ್ಮತ್ತೆ ತಲೆ ಆಡಿಸಿದಳು. “ತಾಯಿ ಹಂಗೇ ಮಗಳು,” ಎಂದಳು, ಬೇಸರದಿಂದಲೂ ಅಲ್ಲ, ಮೂಗಿನ ಹೋಲಿಕೆ ಹೇಳುವಂತೆ.

ಅಮ್ಮ ಒಣ ಸೀರೆ ತೆಗೆದುಕೊಂಡು ಬಂದು ಅವಳನ್ನು ಮಗ್ಗದ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ಮಗ್ಗದ ಮೇಲೆ ಚೌಡೇಶ ಅರ್ಧ ನೇಯ್ದ ಸೀರೆಗೆ ಪಂಚೆ ಮುಚ್ಚಿತ್ತು. ಅಮ್ಮ ಅವಳನ್ನು ಸಣ್ಣವಳಂತೆ ನಿಲ್ಲಿಸಿ ಸೀರೆ ಬಿಚ್ಚಿ, ಲಂಗದ ಅಂಚು ಹಿಂಡಿದಳು. ಅರವತ್ತೈದು ದಾಟಿದ ಕೈ, ಹಿಂಡುವಾಗ ಇನ್ನೂ ಬಲ ಇತ್ತು. ಈಗ ಕೇಳಬೇಕು, ಇದೇ ಹೊತ್ತು ಎಂದು ದಿವ್ಯಶ್ರೀ ಅಂದುಕೊಂಡಳು. ಕೇಳುವ ಮೊದಲೇ ಅಮ್ಮ ಮಾತಾಡಿದಳು, ಕೆಳಗೇ ನೋಡುತ್ತ, ತೆಲುಗಿಗೆ ಹೊರಳಿ.

“ರಶ್ಮಿತಾ ಆ ಹುಡುಗೀನ ಕೇಳಲೇ ಇಲ್ಲ. ನಾನು ಅಲ್ಲೇ ಇದ್ದೆ.”

“ಗೊತ್ತು ಅಮ್ಮ. ನಾನೂ ನೋಡ್ತಿದ್ದೆ.”

ಅಮ್ಮ ಇನ್ನೊಂದು ಕಡೆಯ ಅಂಚು ಹಿಡಿದಳು. ನೀರು ನೆಲಕ್ಕೆ ಸುರಿಯಿತು.

“ನಾನೂ ಕೇಳಿರಲಿಲ್ಲ.”

ದಿವ್ಯಶ್ರೀಗೆ ಅರ್ಥವಾಗಲಿಲ್ಲ. ಅರ್ಥವಾಗದಿರಲಿ ಎಂದು ಒಂದು ಗಳಿಗೆ ಬೇಡಿಕೊಂಡಳು ಕೂಡ. “ಏನು ಕೇಳಿರಲಿಲ್ಲ?” ಎಂದಳು.

“ನಿನ್ನನ್ನ. ಅವತ್ತು. ನೀನು ಮನೆಯಲ್ಲೇ ಇರಲಿಲ್ಲ. ಮಗ್ಗದ ಮೇಲಿನ ಹಾಸುನೂಲು ಮುಗೀತಾ ಬಂದಿತ್ತು, ಹೊಸ ಎಳೆ ಕೂಡಿಸೋಕೆ ಕೆಚ್ಚೋ ಅಜ್ಜಪ್ಪನ್ನ ಕರ್ಕೊಂಡು ಬಾ ಅಂತ ಕಳಿಸಿದ್ದೆ. ಇನ್ನು ನಾಲ್ಕು ಬೆರಳು ನೇಯ್ದರೆ ಸೀರೆ ಇಳೀತಿತ್ತು. ನಾನು ಯಾರನ್ನೂ ಏನೂ ಕೇಳಲಿಲ್ಲ. ಮಗ್ಗದ ಸದ್ದಲ್ಲಿ ನನಗೇನೂ ಕೇಳಿಸಲೂ ಇಲ್ಲ.” ಅಮ್ಮ ಲಂಗ ಬಿಟ್ಟು ಒಣ ಸೀರೆಯ ಮಡಿಕೆ ಬಿಡಿಸಿದಳು. “ನಮ್ಮತ್ತೆ, ನಿಮ್ಮ ಜೇಜಿ, ಬಂದು ಬಾಗಿಲಲ್ಲಿ ನಿಂತಳು. ಕೂಸು ನೋಡ್ಕೊಳ್ಳೋಕಾಗದ ನಿನಗೆ ಈ ಮನೆ ಯಾಕೆ, ರಾಯದುರ್ಗಕ್ಕೆ, ನಿನ್ನ ತವರಿಗೆ ನಡಿ ಅಂದಳು. ಬಾಯಿಗೆ ಬಂತು. ನಿನ್ನನ್ನ ಕೇಳಿದ್ದೆ ಅಂತ ಅಂದುಬಿಟ್ಟೆ. ಎಂಟು ವರ್ಷದ ಹುಡುಗೀನ ಯಾರೂ ಮನೆಯಿಂದ ಓಡಿಸಲ್ಲ ಅಂತ. ಆಮೇಲೆ ನೀನೇ ಅಳ್ತಾ ಹೇಳೋಕೆ ಶುರು ಮಾಡಿದೆ, ನಾನು ಹಂಗನಲಿಲ್ಲ, ಹಿಂಗಂದೆ ಅಂತ. ನೀನೇ ಹೇಳ್ತಿದ್ದೀಯಲ್ಲ ಅಂತ...” ಮಾತು ಅಲ್ಲಿಗೆ ನಿಂತಿತು. ಸೀರೆಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. “ನೀನು ಓಡಿ ಬಂದಾಗ ಕೈಯಲ್ಲಿ ಅಜ್ಜಪ್ಪನ ಹೆಂಡತಿ ಕೊಟ್ಟ ಕಡ್ಲೆಬೀಜದ ಮಿಠಾಯಿ ಇತ್ತು. ಜನ ಸೇರಿದ್ದು ನೋಡ್ತಾ ಕಚ್ಚಿಕೊಂಡೇ ನಿಂತಿದ್ದೆ. ನಿಮ್ಮಪ್ಪ ಕೈ ಮೇಲೆ ಹೊಡೆದು ಬೀಳಿಸಿದ.”

ನನ್ನ ನೆಮ್ಮದಿಗಾಗಿ ಅಮ್ಮ ಈಗ ಕಟ್ಟಿ ಹೇಳುತ್ತಿರಬಹುದು ಎಂಬ ಅನುಮಾನ ಹುಟ್ಟುವಷ್ಟರಲ್ಲೇ ಬಾಯಿಯಲ್ಲಿ ಬೆಲ್ಲದ ಪಾಕ ಬಂತು, ಹಲ್ಲಿಗೆ ಅಂಟಿದ ಕಡ್ಲೆಬೀಜ ಬಂತು, ಮಣಿಕಟ್ಟಿನ ಮೇಲೆ ಏಟು ಬಂತು. ಆ ರುಚಿ ಅವಳಿಗೆ ಯಾವಾಗಲೂ ಇತ್ತು, ಎಲ್ಲಿಯದೆಂದು ಗೊತ್ತಿರಲಿಲ್ಲ. ಹಾಗಾದರೆ ತೋರಿಸಿದ ಕೈ? ಅಮ್ಮ ನೋಡದೇ ಹೋದ ಆ ಕೈ, ಬೆರಳ ತುದಿಯಾಚೆ ಹಿತ್ತಲ ಬಿಸಿಲು, ಬಿಸಿಲಿನಲ್ಲಿ ತೊಟ್ಟಿಯ ಅಂಚು ಹಿಡಿದು ಅತ್ತ ಮುಖ ಮಾಡಿ ನಿಂತ ಕೂಸು? ಅದನ್ನು ಅವಳು ಇಪ್ಪತ್ತೊಂಬತ್ತು ವರ್ಷದಿಂದ ದಿನವೂ ನೋಡಿದ್ದಾಳೆ. ಪಾಪ ಬದುಕಿದ್ದಾಗಿನ ನೆನಪು ಎಂದು ಅವಳಿಗಿದ್ದದ್ದು ಅದೊಂದೇ. ಈಗ ಅದೂ ಇಲ್ಲ. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಅವಳು ಊಹಿಸಿದ್ದಳು, ಎಂದಾದರೂ ಒಂದು ದಿನ ಅಮ್ಮ ‘ನೀನು ಸರಿಯಾಗೇ ಅಂದಿದ್ದೆ’ ಎಂದರೆ. ಇದು ಇಳಿದಂತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ತೆರೆದು ನೋಡಿದಂತಿತ್ತು. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ನೆರಿಗೆ ಹಿಡಿಯುತ್ತಿದ್ದಳು, ಒಂದು, ಎರಡು, ಮೂರು. “ಊಟಕ್ಕೆ ಬಾ,” ಎಂದಳು.

ಬಾಗಿಲ ಹೊರಗೆ ಮೇಘಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ತೆಲುಗು ಅವಳಿಗೆ ಬರುವುದಿಲ್ಲ. ತಾಯಿಯ ಕೈ ಹಿಡಿದು ಮೆಲ್ಲಗೆ ಕೇಳಿದಳು. “ಅಮ್ಮ, ನಾನು ಆಡ್ತೈತೆ ಅಂದ್ನಾ?” ತಪ್ಪಿಸಿಕೊಳ್ಳುವ ಧ್ವನಿಯಲ್ಲ ಅದು; ನಿಜವಾಗಿ ತಿಳಿದುಕೊಳ್ಳಲು ಕೇಳುವ ಧ್ವನಿ. ಆಗಲೇ ಹುಡುಕತೊಡಗಿದ್ದಳು. ಇನ್ನು ಎರಡು ದಿನ ಕಳೆದರೆ ಅಂಥದೊಂದು ನೆನಪು ಸಿಕ್ಕಿಬಿಡುತ್ತದೆ, ದಿವ್ಯಶ್ರೀಗೆ ಅದು ಗೊತ್ತು. ಅವಳು ಮಂಡಿಯೂರಿ ಮಗಳ ಎರಡೂ ತೋಳು ಹಿಡಿದಳು. “ಇಲ್ಲ. ನಿನ್ನನ್ನ ಯಾರೂ ಕೇಳಲಿಲ್ಲ. ನೀನು ಏನೂ ಅನ್ನಲಿಲ್ಲ. ನಾನು ಅಲ್ಲೇ ಇದ್ದೆ, ನೋಡ್ತಿದ್ದೆ. ಗೊತ್ತಾಯ್ತಾ?” ಮೇಘಾ ತಲೆಯಾಡಿಸಿದಳು. “ಹೇಳು.” “ನನ್ನನ್ನ ಯಾರೂ ಕೇಳಲಿಲ್ಲ,” ಎಂದಳು ಮಗಳು, ಮಗ್ಗಿ ಒಪ್ಪಿಸುವಂತೆ.

ಎರಡನೆಯ ಪಂಕ್ತಿ ಕೂತಿತ್ತು. ದಿವ್ಯಶ್ರೀ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಎದುರಿಗಿದ್ದ ರಶ್ಮಿತಾಳಿಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು. “ರಶ್ಮಿತಾ, ನೀನು ಮೇಘಾನ್ನ ಏನೂ ಕೇಳಲಿಲ್ಲಮ್ಮ. ನೀನು ಫೋಟೊಕ್ಕೆ ನಿಂತಿದ್ದೆ. ಹೆದರಿದಾಗ ಹಂಗನ್ನಿಸುತ್ತೆ. ಆದರೆ ಕೇಳಲಿಲ್ಲ.” ರಶ್ಮಿತಾಳ ಮುಖ ಕೆಂಪಾಯಿತು. ಮಲಗಿದ್ದ ಮಗುವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು. “ಕೇಳಿದೆ ಅನ್ಕೊಂಡಿದ್ದೆ ಅಕ್ಕ...” ಎಂದಳು. ಅಷ್ಟರಲ್ಲಿ ಸಾಲಿನ ತುದಿಯಿಂದ ರೇಣುಕಮ್ಮತ್ತೆ. “ಸಾಕ್ಷಿ ಹೇಳೋಕೆ ಬಂದಳು ನೋಡ್ರಿ! ಅವತ್ತು ಎರ್ರಮ್ಮ ಪಾಪ ಯಾಡ ಅಂದರೆ ನೀನೇನಂದೆ? ಅದನ್ನ ಹೇಳು ಮೊದಲು. ಇಷ್ಟು ವರ್ಷ ಬಾಯಲ್ಲಿ ಅಕ್ಕಿ ಹಾಕ್ಕೊಂಡು ಕೂತಿದೀಯ.”

ಯಾರೂ ಉಣ್ಣುತ್ತಿರಲಿಲ್ಲ. ಚೌಡೇಶ ನೀರಿನ ಜಗ್ಗು ಹಿಡಿದು ನಿಂತಿದ್ದ. ಅವನ ಹಿಂದೆ ಅಮ್ಮ ಪಾಯಸದ ಪಾತ್ರೆಯೊಂದಿಗೆ ಬಂದಿದ್ದಳು. ಅಮ್ಮನ ತುಟಿ ಅಲುಗುವುದನ್ನು ದಿವ್ಯಶ್ರೀ ಕಂಡಳು. ಈಗ ಹೇಳಿಬಿಡುತ್ತಾಳೆ, ಎಲ್ಲರ ಮುಂದೆ, ಮಗನ ಮುಂದೆ, ನಿನ್ನೆ ಮೊನ್ನೆ ಬಂದ ಸೊಸೆಯ ಮುಂದೆ. ಇನ್ನು ಈ ಮನೆಯಲ್ಲಿ ಮಗುವನ್ನು ಅಮ್ಮನ ಕೈಯಿಂದಲೂ ನಗುತ್ತಲೇ ಇಸಿದುಕೊಳ್ಳುತ್ತಾರೆ. ಅದು ಹೇಗಿರುತ್ತದೆಂದು ಬಲ್ಲವಳು ಅಲ್ಲಿ ಅವಳೊಬ್ಬಳೇ.

“ಆಡ್ತಾ ಉಂದಿ ಅಂದೆ ಅತ್ತೆ,” ಎಂದಳು. ಇಷ್ಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಅಂದದ್ದು ಇದೇ ಮೊದಲು. ‘ತಾ’ವನ್ನು ತರಗತಿಯಲ್ಲಿ ಉಕ್ತಲೇಖನ ಕೊಡುವಾಗಿನಂತೆ ಸ್ಪಷ್ಟವಾಗಿ ಅಂದಳು. “ಅದು ನಾನು ಅಂದದ್ದು. ಮೇಘಾ ಏನೂ ಅಂದಿಲ್ಲ.”

“ಒಪ್ಪಿಕೊಂಡಳಲ್ಲ, ಅಷ್ಟೇ ಸಾಕು,” ಎಂದು ರೇಣುಕಮ್ಮತ್ತೆ ಎಲೆಗೆ ಬಾಗಿದಳು. ಚೌಡೇಶ, “ಬಿಡತ್ತೆ, ಯಾವ ಕಾಲದ್ದೋ,” ಎಂದು ಲೋಟಗಳಿಗೆ ನೀರು ಹಾಕುತ್ತ ಹೋದ. ಅಮ್ಮ ಸಾಲಿನಲ್ಲಿ ಒಬ್ಬೊಬ್ಬರಿಗೂ ಬಡಿಸುತ್ತ ಬಂದಳು, ಮೇಘಾಳಿಗೆ ಬಡಿಸಿದಳು, ದಿವ್ಯಶ್ರೀಯ ಎಲೆಯ ಮುಂದೆ ಬಾಗಿ ಒಂದು ಸೌಟು ಹಾಕಿದಳು, ಇನ್ನೊಂದು ಹಾಕಿದಳು, ಮತ್ತೊಂದಕ್ಕೆ ಸೌಟು ಅದ್ದಿದಳು. “ಸಾಕಮ್ಮ,” ಎಂದಳು ದಿವ್ಯಶ್ರೀ. ಅಮ್ಮ ಅವಳನ್ನು ನೋಡಲಿಲ್ಲ, ಮುಂದಿನ ಎಲೆಗೆ ಹೋದಳು. ರಾತ್ರಿ ಕುದಾಪುರದ ಕೆಲಸ ಮುಗಿಸಿ ಮನೆಗೆ ಬಂದು ಗಂಡ ಅಶ್ವಥ್ ಕೇಳುತ್ತಾನೆ, ಹೆಂಗಾಯ್ತು, ಯಾರ್ಯಾರು ಬಂದಿದ್ದರು ಎಂದು. ಹೋಳಿಗೆ ಚೆನ್ನಾಗಿತ್ತು ಎನ್ನಬೇಕು. ಮಗು ಕೂದಲು ತೆಗೆಸುವಾಗ ಬಹಳ ಅತ್ತಿತು ಎನ್ನಬೇಕು. ಪಾಯಸ ಎಲೆಯ ಮೇಲೆ ಹರಿದು ಅಂಚಿಗೆ ಬರುತ್ತಿತ್ತು. ಬೆರಳಿನಿಂದ ಅದನ್ನು ತಡೆದು ಒಳಗೆ ಎಳೆದುಕೊಳ್ಳುತ್ತ, ಅಶ್ವಥ್‌ಗೂ ಅಲ್ಲ, ಚೌಡೇಶನಿಗೂ ಅಲ್ಲ, ದೊಡ್ಡವಳಾದ ಮೇಲೆ ಮೇಘಾ ಕೇಳಿದರೂ ಅಲ್ಲ, ಮಗ್ಗದ ಕೋಣೆಯಲ್ಲಿ ಅಮ್ಮ ಅಂದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ದಿವ್ಯಶ್ರೀ ತೀರ್ಮಾನಿಸಿದಳು.